ಶ್! ಅಮ್ಮ ಮಲಗಿದಾಳೆ

"ನಾಳೆ ಬೆಳಿಗ್ಗೆ ಈ ಮನೇಲಿ ಸೂಜಿ ಬಿದ್ರೂ ನೆಲ ಮುಟ್ಟೋದರೊಳಗೆ ನಾನು ಹಿಡೀತೀನಿ! ನೀನು ಮಾತ್ರ ಏಳಬೇಡ!" ಎಂದು ಬೀಗ ರಿಪೇರಿಯವನು ಶನಿವಾರ ಸಂಜೆ ಹೆಂಡತಿಯ ಮುಂದೆ ಎದೆ ತಟ್ಟಿ ಘೋಷಿಸಿದ.

ಘೋಷಣೆಗೆ ಕಾರಣವಿತ್ತು. ಹೆಂಡತಿ ಶಿಶುವಿಹಾರದ ಟೀಚರ್. ದಿನವಿಡೀ ಊರ ಮಕ್ಕಳ ಮೂಗು ಒರೆಸಿ ಮನೆಗೆ ಬಂದರೆ, ಇಲ್ಲಿ ಸ್ವಂತದ ಎರಡು ಮೂಗುಗಳು ಕಾದು ಕೂತಿರುತ್ತಿದ್ದವು. ಆ ಸಂಜೆ ಮಗನ ಶರ್ಟಿಗೆ ಗುಂಡಿ ಹೊಲಿಯುತ್ತ ಕೂತಲ್ಲೇ ನಿದ್ದೆ ಹೋಗಿದ್ದಳು. ಗಂಡ ಮೆಲ್ಲಗೆ ಭುಜ ಮುಟ್ಟಿದರೆ ಬೆಚ್ಚಿಬಿದ್ದು, "ಎಲ್ರೂ ಸಾಲಾಗಿ ನಿಂತ್ಕೊಳ್ಳಿ!" ಎಂದಳು. ಪಾಪ, ಅವನೊಬ್ಬನೇ ಸಾಲಾಗಿ ನಿಂತ.

"ರೀ, ಒಂದೇ ಒಂದು ಬೆಳಿಗ್ಗೆ ಯಾರೂ ನನ್ನ 'ಅಮ್ಮಾ' ಅಂತ ಕರೀಬಾರದು, 'ಟೀಚರ್' ಅಂತಾನೂ ಕರೀಬಾರದು. ಇನ್ನೇನೂ ಬೇಡ ನಂಗೆ," ಎಂದಳು. ಕೆಂಪಾದ ಆ ಕಣ್ಣು ನೋಡಿಯೇ ಅವನು ಎದೆ ತಟ್ಟಿದ್ದು.

ಭಾನುವಾರ ಬೆಳಗಾಯಿತು. ಮಲಗುವ ಕೋಣೆಯ ಬಾಗಿಲು ಮುಂದೆ ಮಾಡಿ, ಮಕ್ಕಳಿಬ್ಬರ ಬಾಯಿಗೂ ಬೀಗ ಜಡಿದು, ಅವನು ಬೆಕ್ಕಿನ ಹೆಜ್ಜೆಯಲ್ಲಿ ಹಾಲು ಕಾಯಿಸತೊಡಗಿದ. ದೊಡ್ಡವಳು ಎರಡನೇ ಕ್ಲಾಸು. ಮಾತಿಗೆ ಮಾತು ಜೋಡಿಸುವುದರಿಂದ ಅವಳ ಅಡ್ಡಹೆಸರು ವಕೀಲಮ್ಮ. ಚಿಕ್ಕವನು ನಿಂತಲ್ಲಿ ನಿಲ್ಲದ ಬುಗುರಿ. ಹಾಲು ಉಕ್ಕುವ ಮೊದಲೇ ವಕೀಲಮ್ಮ ಬಂದು ಪಿಸುಗುಟ್ಟಿದಳು: "ಅಪ್ಪಾ, ಬುಗುರಿ ಬಚ್ಚಲುಮನೆ ಒಳಗಿಂದ ಚಿಲಕ ಹಾಕ್ಕೊಂಡಿದಾನೆ. ತೆಗೆಯೋಕೆ ಬರ್ತಿಲ್ವಂತೆ."

ಅಪ್ಪ ಒಲೆ ಆರಿಸಿ ನಕ್ಕುಬಿಟ್ಟ. ಊರ ಬೀಗಗಳೆಲ್ಲ ಹೆಸರು ಕೇಳಿದರೆ ಬಾಯಿ ಬಿಡುವಂಥ ಗಂಡಸಿಗೆ ಇದ್ಯಾವ ಲೆಕ್ಕ! ಆದರೆ ಬಾಗಿಲ ಮುಂದೆ ಮಂಡಿಯೂರಿದ ಮೇಲೆ ನಗು ಇಳಿಯಿತು. ಬೀಗಕ್ಕಾದರೆ ಕೀಲಿಕೈ ತೂರಿಸಲು ತೂತಿರುತ್ತದೆ. ಒಳಗಿನ ಚಿಲಕಕ್ಕೆ?

"ಬುಗುರಿ, ಚಿಲಕಾನ ಎಡಗಡೆ ಎಳಿ ಕಣೋ," ಎಂದು ಸಂದಿಗೆ ಬಾಯಿಟ್ಟು ಪಿಸುಗುಟ್ಟಿದ.

"ಎಡಗಡೆ ಯಾವ್ದು?"

"ನೀನು ಚಿತ್ರ ಬರೀತೀಯಲ್ಲ, ಆ ಕೈ ಬಿಟ್ಟು ಇನ್ನೊಂದು."

"ನಾನು ಎರಡೂ ಕೈಲಿ ಬರೀತೀನಿ!"

ಅಷ್ಟು ಹೇಳಿ ಮಗರಾಯ ನಲ್ಲಿ ತಿರುಗಿಸಿ ಹಾಡು ಹೇಳತೊಡಗಿದ. ಬಾಗಿಲ ಕೆಳಗಿಂದ ನೀರು ಹೊರಟು, ಮನೆಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಮಲಗುವ ಕೋಣೆಯ ಕಡೆಗೇ ಹರಿಯಿತು!

ಸಾಮಾನಿನ ಚೀಲ ಮಂಚದ ಕೆಳಗಿತ್ತು. ಅವನು ತೆವಳುತ್ತ ಒಳಹೊಕ್ಕ. ಮೇಲೆ ಹೆಂಡತಿ ಮಗ್ಗುಲು ಬದಲಿಸಿದಳು. ಕೆಳಗೆ ಇವನು ಉಸಿರು ಹಿಡಿದ. ಚೀಲ ಎಳೆದುಕೊಂಡು ಎದ್ದು ನಿಂತಿದ್ದೇ ತಡ, ಅದರೊಳಗಿನ ಸುತ್ತಿಗೆ ಜಾರಿ ಅವನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಕೂಗು ಗಂಟಲವರೆಗೆ ಬಂತು. ಬನಿಯನ್ನನ್ನು ಬಾಯಿಗೆ ತುರುಕಿಕೊಂಡು ಆ ಕೂಗನ್ನು ನುಂಗಿದ.

ಚೀಲ ಬಂತು, ಪ್ರಯೋಜನವಾಗಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ತಿರುಪುಗಳೆಲ್ಲ ಆಚೆ ಕಡೆ. ಉಳಿದದ್ದು ಹಿತ್ತಿಲ ಕಡೆಗಿದ್ದ ಬಚ್ಚಲುಮನೆಯ ವೆಂಟಿಲೇಟರ್ ಒಂದೇ. ಹಿತ್ತಿಲಿಗೆ ಹೋಗಿ ಸ್ಟೂಲು ಹತ್ತಿ, ಗಾಜಿನ ಪಟ್ಟಿಗಳನ್ನು ಕಳಚಿ, ತಲೆ ತೂರಿಸಿದ, ಭುಜ ತೂರಿಸಿದ. ಹೊಟ್ಟೆ ಮಾತ್ರ, ನಾನು ಬರಲಾರೆ ಎಂದು ಕೂತಿತು. ಕಾಲ ಕೆಳಗಿನ ಸ್ಟೂಲೂ ಉರುಳಿತು. ಅರ್ಧ ಯಜಮಾನ ಮನೆಯೊಳಗೆ, ಇನ್ನರ್ಧ ಊರ ಪಾಲು!

ಗೋಡೆಯಿಂದ ಅಪ್ಪನ ತಲೆ ಮೂಡಿದ್ದು ಕಂಡು ಬುಗುರಿ ಚಪ್ಪಾಳೆ ತಟ್ಟಿದ. "ಅಪ್ಪಾ, ಇನ್ನೊಂದ್ಸಲ!"

ಹೊರಗೆ ಪಕ್ಕದ ಮನೆಯ ಅಜ್ಜಿ ಜೋಲಾಡುವ ಕಾಲುಗಳನ್ನು ಕಂಡು, "ಕಳ್ಳ! ಕಳ್ಳ!" ಎಂದು ಕೂಗಿದರು.

"ಶ್! ಮೆಲ್ಲಗೆ ಅಜ್ಜಿ, ಅಮ್ಮ ಮಲಗಿದಾಳೆ," ಎಂದಳು ಅಪ್ಪನ ಹಿಂದೆಯೇ ಹಿತ್ತಿಲಿಗೆ ಬಂದಿದ್ದ ವಕೀಲಮ್ಮ. "ಅದು ಕಳ್ಳ ಅಲ್ಲ. ಕಳ್ಳರಿಗೆ ಇದೆಲ್ಲ ಬರುತ್ತೆ. ಅದು ಅಪ್ಪ."

ಆಗ ಬಚ್ಚಲುಮನೆಯ ಬಾಗಿಲಾಚೆಯಿಂದ ಶಾಂತವಾದ ದನಿ ಕೇಳಿತು. "ಬುಗುರಿ, ನಲ್ಲಿ ನಿಲ್ಸು. ಜಾಣ. ಈಗ ಚಿಲಕದ ಮೂಗು ಹಿಡ್ಕೋ. ಬಕೆಟ್ ಕಡೆ ಎಳಿ."

ಟಕ್! ಬಾಗಿಲು ತೆರೆಯಿತು. ಹೆಂಡತಿ ಒಳಗೆ ಬಂದು, ಮೇಲೆ ನೇತಾಡುತ್ತಿದ್ದ ಅರ್ಧ ಗಂಡನನ್ನು ನೋಡಿದಳು.

"ಎದ್ದುಬಿಟ್ಯಾ?" ಎಂದ ಅವನು, ಅಳುವವನಂತೆ.

"ನೀವು ಮಂಚದ ಕೆಳಗೆ ತೆವಳ್ಕೊಂಡು ಬಂದಾಗ್ಲೇ ಎಚ್ಚರ ಆಯ್ತು."

"ಮತ್ಯಾಕೆ ಸುಮ್ನೆ ಮಲಗಿದ್ದೆ?"

"ಇವನ ಹಾಡು ಕೇಳಿಸ್ತಿತ್ತು, ಭಯ ಇರ್ಲಿಲ್ಲ. ಸುತ್ತಿಗೆ ಕಾಲ ಮೇಲೆ ಬಿದ್ರೂ ನೀವು ಕೂಗ್ಲಿಲ್ಲ. ನನ್ನ ನಿದ್ದೆಗೋಸ್ಕರ ಅಷ್ಟು ಒದ್ದಾಡ್ತಿರೋವಾಗ ಎದ್ದು ಬಂದು ಅದನ್ನ ನೀರುಪಾಲು ಮಾಡ್ಲಾ? ನಗು ತಡ್ಕೊಳ್ಳೋಕಾಗದೆ ದಿಂಬು ಕಚ್ಕೊಂಡು ಮಲಗಿದ್ದೆ ಕಣ್ರೀ. ಅಜ್ಜಿ ಕೂಗಿದ ಮೇಲೆ ಇನ್ನು ನಿಮ್ಮ ಮರ್ಯಾದೆ ಉಳಿಯಲ್ಲ ಅನ್ನಿಸ್ತು, ಎದ್ದೆ."

ಬಕೆಟ್ ಬೋರಲು ಹಾಕಿ ಹತ್ತಿ, ಅವನ ಸೊಂಟಕ್ಕೆ ಸೋಪು ಸವರಿ ಹಿಂದಕ್ಕೆ ತಳ್ಳಿದಳು. ಹೊರಗೆ ಅಜ್ಜಿ, ಕಳ್ಳನಲ್ಲವೆಂದು ಖಾತ್ರಿಯಾದ ಮೇಲೆ, ಕಾಲು ಹಿಡಿದು ಸ್ಟೂಲಿನ ಮೇಲೆ ಇಳಿಸಿದರು.

ನೆಲ ಇಬ್ಬರೂ ಸೇರಿ ಒರೆಸಿದರು. ಊದಿದ ಹೆಬ್ಬೆರಳಿಗೆ ತಣ್ಣೀರು ಬಟ್ಟೆ ಸುತ್ತಿ ಹೆಂಡತಿ ಅವನನ್ನು ಮಲಗಿಸಿದಳು.

"ನೀನು ಮಲಗು, ನಾನು ನೋಡ್ಕೋತೀನಿ," ಎಂದ.

"ನೋಡಿದ್ದು ಸಾಕು. ಇಬ್ರೂ ಮಲಗೋಣ," ಎಂದು ಅವಳೂ ಪಕ್ಕದಲ್ಲಿ ಒರಗಿದಳು.

ಕಣ್ಣಿಗೆ ಜೊಂಪು ಹತ್ತುವಾಗ ಹಜಾರದಲ್ಲಿ ಫೋನ್ ಬಡಿದುಕೊಂಡಿತು. ಯಾರೋ ಗಿರಾಕಿಯಿರಬೇಕು. ವಕೀಲಮ್ಮನ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು:

"ಅಪ್ಪ ಮಲಗಿದಾರೆ ಅಂಕಲ್. ಏನಾಗ್ಬೇಕಿತ್ತು? ಬಾಗಿಲು ತೆಗೀಬೇಕಾ? ಹಾಗಾದ್ರೆ ಅಪ್ಪ ಬೇಡ, ಅಮ್ಮ ಎದ್ದಮೇಲೆ ಕಳಿಸ್ತೀನಿ!"