ತೇರ್ಸಿನ ನಡುವೆ ಏಳಬಾರದು

ದಿನಕ್ಕೆ ಎಷ್ಟು ಸಲ ಪ್ರಾರ್ಥಿಸಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವ ಚಪಲ ನನಗೆ ಮೊದಲಿನಿಂದಲೂ ಇದೆ. ಬೆಳಿಗ್ಗೆ ಎದ್ದಾಗ, ಇಗರ್ಜಿಯ ಗಂಟೆ ಕೇಳಿದಾಗ, ಊಟಕ್ಕೆ ಕೂತಾಗ, ಬಸ್ಸು ಹತ್ತುವಾಗ. ಲಾಯಿಲದಿಂದ ಬಂಟ್ವಾಳದ ಕಚೇರಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವನಿಗೆ ಈ ಕೊನೆಯದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಇವೆಲ್ಲ ಚಿಲ್ಲರೆ. ನನ್ನ ಘನತೆಯೆಲ್ಲ ಇದ್ದದ್ದು ಸಂಜೆ ಏಳರ ತೇರ್ಸಿನಲ್ಲಿ. ಜಪಮಾಲೆ ಹಿಡಿದು ಮನೆಮಂದಿಯೆಲ್ಲ ಹೇಳುವ ಈ ಪ್ರಾರ್ಥನೆಗೆ ನಮ್ಮಲ್ಲಿ ಒಂದೇ ನಿಯಮ: ನಡುವೆ ಯಾರೂ ಏಳಬಾರದು. ನಿಯಮ ಮಾಡಿದವನು ನಾನು. ಇಗರ್ಜಿಯ ವಾರ್ಡಿಗೆ ಮುಖ್ಯಸ್ಥನಾದ ಗುರಿಕಾರನ ಮನೆಯೆಂದ ಮೇಲೆ ಅಷ್ಟಾದರೂ ಬೇಡವೇ?

ನಿಯಮಕ್ಕೆ ಕಾರಣ ನನ್ನ ಅತ್ತೆ ಸೆವರಿನ್ ಬಾಯಿ. ಮಾವ ತೀರಿಕೊಂಡ ಮೇಲೆ ಮೂಡುಬಿದಿರೆಯಿಂದ ಬಂದು ನಮ್ಮೊಂದಿಗೆ ಇದ್ದವರು. ನಾನು ಅವರನ್ನು ಮಾಂಯ್ ಎನ್ನುತ್ತಿದ್ದೆ, ಅವರು ನನ್ನನ್ನು ಹೆತ್ತ ಮಗನಂತೆ ಪುತಾ ಎನ್ನುತ್ತಿದ್ದರು. ತೇರ್ಸು ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ಗಂಜಿ ಉಕ್ಕುವ ವಾಸನೆ ಬರುತ್ತಿತ್ತು, ಇಲ್ಲವೇ ಕೋಳಿಗೂಡಿನ ಬಾಗಿಲು ಹಾಕಿಲ್ಲವೆಂದು ನೆನಪಾಗುತ್ತಿತ್ತು. ಹೆಚ್ಚಿನ ಸಲ ಗಂಜಿ ನಿಜಕ್ಕೂ ಉಕ್ಕಿರುತ್ತಿತ್ತು ಎಂಬುದೇ ನನ್ನ ಸಿಟ್ಟನ್ನು ಹೆಚ್ಚಿಸುತ್ತಿತ್ತು.

ಈಸ್ಟರಿಗೆ ಮುಂಚೆ ಬರುವ ಕಳೆದ ತಪಸ್ಸಿನ ಕಾಲದ ಒಂದು ಸಂಜೆ, ಕಾಲು ತೊಳೆದು ಬರುತ್ತೇನೆಂದು ಅತ್ತೆ ಹಿತ್ತಿಲ ಬಚ್ಚಲಿಗೆ ಹೋದರು. ನಾನು ಅವರಿಗಾಗಿ ಕಾಯದೆ ಸಮಯಕ್ಕೆ ಸರಿಯಾಗಿ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಅವರು ಲಿಲ್ಲಿ ಎಂದು ಮಗಳನ್ನು ಕರೆದದ್ದು ಕೇಳಿಸಿತು. ಲಿಲ್ಲಿ, ಅಂದರೆ ನನ್ನ ಹೆಂಡತಿ, ಏಳಹೊರಟಳು. ಕಣ್ಣಲ್ಲೇ ಗದರಿಸಿ ಕೂರಿಸಿದೆ. ಅತ್ತೆ ಇನ್ನೊಮ್ಮೆ ಕರೆದರು, ನಾನು ಸ್ವರ ಏರಿಸಿದೆ. ಮೂರನೆಯ ಸಲ ಕರೆದದ್ದು ನನ್ನನ್ನು. ಅದು ಕೇಳಿಸಲೇ ಇಲ್ಲವೆಂದು ಲಿಲ್ಲಿಗೆ ಇವತ್ತಿಗೂ ಹೇಳುತ್ತೇನೆ. ತೇರ್ಸು ಮುಗಿಸಿ, ಸ್ತುತಿಮಾಲೆ ಮುಗಿಸಿ, ಊರಿನ ರೋಗಿಗಳಿಗಾಗಿ ಇನ್ನೂ ಮೂರು ನಮಾನ್ ಮರಿಯೆ ಜಪ ಸೇರಿಸಿದೆ. ಆಮೇಲೆ ಹೋಗಿ ನೋಡಿದರೆ ಅತ್ತೆ ಒದ್ದೆ ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ದರು.

"ಮುಗೀತಾ?" ಎಂದಷ್ಟೇ ಕೇಳಿದರು.

ಸೊಂಟದ ಮೂಳೆ ಮುರಿದಿತ್ತು. ಬಿದ್ದು ಎಷ್ಟು ಹೊತ್ತಾಗಿತ್ತು ಎಂದು ಡಾಕ್ಟರು ವಿಚಾರಿಸಿದಾಗ ನಾನು ಹತ್ತು ನಿಮಿಷ ಎಂದೆ. ಲಿಲ್ಲಿ ಅರ್ಧ ಗಂಟೆ ಎಂದಳು. ಮದುವೆಯಾದ ಮೇಲೆ ಹೊರಗಿನವರ ಎದುರು ಅವಳು ನನ್ನ ಮಾತನ್ನು ತಿದ್ದಿದ್ದು ಅದೇ ಮೊದಲು.

ಆಪರೇಶನ್ ಆಗಿ ಮನೆಗೆ ಬಂದ ಅತ್ತೆಗೆ ಪರಮಪ್ರಸಾದ ಕೊಡಲು ಫಾದರ್ ಬಂದರು. ಈಗ ಎಲ್ಲ ಹೊರಗೆ ಬೀಳುತ್ತದೆ ಎಂದು ನಾನು ಬಾಗಿಲ ಬಳಿ ಬೆವರುತ್ತಾ ನಿಂತಿದ್ದೆ. ಮಲಗಿದಲ್ಲೇ ಪ್ರಾರ್ಥನೆ ಮಾಡ್ತೀರಾ ಎಂದು ಫಾದರ್ ಕೇಳಿದರು.

"ಅದಕ್ಕೆ ನಮ್ಮ ಅಳಿಯ ಇದ್ದಾರಲ್ಲ ಫಾದರ್. ಏನೇ ಆಗಲಿ, ಅವರು ನಡುವೆ ನಿಲ್ಲಿಸುವುದಿಲ್ಲ."

ಫಾದರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಕ್ರೈಸ್ತರು ದಿನಕ್ಕೆ ಎಷ್ಟು ಸಲ ಪ್ರಾರ್ಥಿಸಬೇಕು ಎಂಬುದರ ಬಗ್ಗೆ ಮುಂದಿನ ಭಾನುವಾರ ಹೆತ್ತವರ ಸಭೆಯಲ್ಲಿ ನಾಲ್ಕು ಮಾತು ಹೇಳಲು ನನ್ನನ್ನೇ ಕರೆದರು. ಆಗುವುದಿಲ್ಲ ಎನ್ನಬಹುದಿತ್ತು. ನಡೆದದ್ದನ್ನು ಹೇಳಿಬಿಡಬಹುದಿತ್ತು. ನಾನು ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಸಿದೆ. ಸಭೆಯಲ್ಲಿ ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು ಎಲ್ಲವನ್ನೂ ವಿವರಿಸಿದೆ, ಬಚ್ಚಲಿನದೊಂದನ್ನು ಬಿಟ್ಟು. ಹಿಂದಿನ ಬೆಂಚಿನಲ್ಲಿ ಲಿಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಅತ್ತೆ ಮಂಚದಿಂದಲೇ, ಎಷ್ಟು ಹೊತ್ತು ಮಾತಾಡಿದಿರಿ ಎಂದು ವಿಚಾರಿಸಿದರು. ಪುತಾ ಹೋಗಿ ಬಹುವಚನ ಬಂದು ಆಗಲೇ ಕೆಲವು ವಾರಗಳಾಗಿದ್ದವು. ಅರ್ಧ ಗಂಟೆ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ನಡುವೆ ಯಾರೂ ಕರೀಲಿಲ್ವಾ?"

ಇಲ್ಲ ಮಾಂಯ್ ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನೀರೋ ಗಂಜಿಯೋ ಕೇಳಿಯಾರು ಎಂದು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಕೇಳಿದರು, ಆದರೆ ಲಿಲ್ಲಿಯನ್ನು ಕರೆದು. ಅವಳು ಲೋಟ ಹಿಡಿದು ಓಡಿಬಂದಳು. ದಾರಿಗೆ ಅಡ್ಡವಾಗಿ ನಿಂತಿದ್ದವನು ನಾನೇ. ಸರಿದು ಜಾಗ ಕೊಟ್ಟೆ.