ಕ್ಯಾರಿಯರ್ ಇಲ್ಲದ ಸೈಕಲ್

ನಮ್ಮ ಊರಿನಲ್ಲಿ ಒಬ್ಬ ಮನುಷ್ಯ ಸೈಕಲ್ ಹತ್ತಿ ಕಾಡಿನ ಕಡೆಗೆ ಹೊರಟರೆ ಯಾರಿಗೂ ಸುಮ್ಮನೆ ಇರಲಿಕ್ಕೆ ಆಗುವುದಿಲ್ಲ. ಒಂದೋ ತಡೆದು ನಿಲ್ಲಿಸಬೇಕು, ಇಲ್ಲದಿದ್ದರೆ ಕನಿಕರಪಡಬೇಕು. ನನಗೆ ಒಂದೇ ರಜೆಯಲ್ಲಿ ವಾರವಾರವೂ ಹೀಗೆ ಆಯಿತು. ಈಗ ನೆನೆದರೂ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಗಲ್ಫಿನಲ್ಲಿ ಏಸಿ ರಿಪೇರಿಯ ಕೆಲಸದಲ್ಲಿದ್ದೆ. ಅಲ್ಲಿ ಗುಡ್ಡ ಹತ್ತುವ ಸೈಕಲಿನ ಹುಚ್ಚು ಹಿಡಿಯಿತು. ಮೂರು ತಿಂಗಳ ರಜೆಯಲ್ಲಿ ಬೆಳ್ತಂಗಡಿ ಹತ್ತಿರದ ಲಾಯಿಲದ ಮನೆಗೆ ಬರುವಾಗ ಇಪ್ಪತ್ತೊಂದು ಗೇರಿನ ಅಂಥ ಒಂದು ಸೈಕಲನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ತಂದೆ. ಅದೇ ರಜೆಯಲ್ಲಿ ನನ್ನ ಮದುವೆಯೂ ಆಗಬೇಕಿತ್ತು. "ಈ ಸಲ ಮದುವೆಯಾಗದೆ ವಿಮಾನ ಹತ್ತುವ ಹಾಗಿಲ್ಲ" ಎಂದು ಅಮ್ಮ ಖಡಾಖಂಡಿತ ಹೇಳಿದ್ದರು. ನನಗೂ ಮೂವತ್ತೆರಡು ತುಂಬಿತ್ತು, ಒಬ್ಬನೇ ಬೇಯಿಸಿಕೊಂಡು ತಿಂದು ಸಾಕಾಗಿತ್ತು. ಸೈಕಲಿಗೂ ಮದುವೆಗೂ ಜಗಳ ಹತ್ತುತ್ತದೆ ಎಂದು ನನಗೆ ಯಾರು ಹೇಳಿದ್ದರು?

ಕಳಚಿ ಹೋದ ಸಾಮಾನು

ಪೆಟ್ಟಿಗೆ ಬಿಚ್ಚುವ ದಿನ ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ಸೇರಿದರು. ನಾನು ಸೈಕಲ್ ಜೋಡಿಸಿ ನಿಲ್ಲಿಸಿದೆ. ನಿಲ್ಲಿಸಿದೆ ಎಂದರೆ ತೆಂಗಿನ ಮರಕ್ಕೆ ಒರಗಿಸಿದೆ. ಪಕ್ಕದ ಮನೆಯ ಮಾವ ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದರು.

"ಸ್ಟ್ಯಾಂಡ್ ಎಲ್ಲಿ?"

"ಇದಕ್ಕೆ ಸ್ಟ್ಯಾಂಡ್ ಇರುವುದಿಲ್ಲ ಮಾವ."

"ಕ್ಯಾರಿಯರ್?"

"ಅದೂ ಇರುವುದಿಲ್ಲ."

"ಮಡ್‌ಗಾರ್ಡ್? ಬೆಲ್?"

"ಯಾವುದೂ ಇಲ್ಲ. ಇದು ಕಾಡಿನ ದಾರಿಯ ಸೈಕಲ್."

ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, "ಬೇಸರ ಮಾಡಬೇಡ ಮಾರಾಯ. ಏರ್‌ಪೋರ್ಟಿನಲ್ಲಿ ಯಾರೋ ಕಳಚಿಕೊಂಡಿದ್ದಾರೆ" ಎಂದರು. ಅಪ್ಪನಿಗೆ ಈ ಮಾತು ನಾಟಿಬಿಟ್ಟಿತು.

ಎರಡು ದಿನ ನಾನು ನೆಂಟರ ಮನೆಗಳಿಗೆ ಹೋಗಿದ್ದೆ. ತಿರುಗಿ ಬಂದು ನೋಡುತ್ತೇನೆ, ಸೈಕಲಿಗೆ ಹಾಲಿನ ಕ್ಯಾನು ಹೊರುವಂಥ ಭಾರಿ ಕ್ಯಾರಿಯರ್, ಡಬಲ್ ಸ್ಟ್ಯಾಂಡ್, ಹಿಂದೆ ಮುಂದೆ ಮಡ್‌ಗಾರ್ಡ್, ಹ್ಯಾಂಡಲಿಗೆ ಬೆಲ್! ನನಗೆ ತಲೆ ತಿರುಗಿತು. ಅಪ್ಪ ಬೆಲ್ ಬಾರಿಸಿ ತೋರಿಸುತ್ತಾ, "ಈಗ ಸೈಕಲಿನ ಹಾಗೆ ಕಾಣ್ತದೆ" ಎಂದರು. ಸ್ಟ್ಯಾಂಡು, ಮಡ್‌ಗಾರ್ಡು, ಬೆಲ್ ಹೇಗೋ ಬಿಚ್ಚಿದೆ. ಕ್ಯಾರಿಯರಿಗೆ ಮಾತ್ರ ಅದೆಂಥ ಬೋಲ್ಟು ಬಿಗಿಸಿದ್ದರೋ, ಯಾವ ಸ್ಪ್ಯಾನರಿಗೂ ಜಗ್ಗಲಿಲ್ಲ. "ಅದು ಬರುವುದಿಲ್ಲ. ನಾನೇ ನಿಂತು ಹಾಕಿಸಿದ್ದು" ಎಂದು ಅಪ್ಪ ಹೆಮ್ಮೆಪಟ್ಟರು.

ಜೀಪಿನವನ ಉಪಕಾರ

ಪ್ರತಿ ಆದಿತ್ಯವಾರ ನಾವು ಮೂವರು ಹೊರಡುತ್ತಿದ್ದೆವು. ನಾನು, ಬೆಳ್ತಂಗಡಿಯ ಬ್ಯಾಂಕಿನ ಕ್ಯಾಶಿಯರ್, ಮತ್ತೆ ಬಿ.ಸಿ.ರೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟ ಸಾಹೇಬರು. ಸಾಹೇಬರಿಗೆ ಡಾಕ್ಟರು ವ್ಯಾಯಾಮ ಮಾಡಲೇಬೇಕು ಎಂದಿದ್ದರು. ಅವರು ಬಸ್ಸಿನ ಟಾಪಿನಲ್ಲಿ ಸೈಕಲ್ ಹಾಕಿಸಿಕೊಂಡು ಬರುತ್ತಿದ್ದರು. ಹಿಂದೆ ಮರದ ಲಾರಿ ಓಡಿದ್ದ ಹಳೆಯ ದಾರಿಯೊಂದು ಕಾಡಿನೊಳಗೆ ಉಂಟು, ಅದೇ ನಮ್ಮ ದಾರಿ. ಏರು ಬಂದರೆ ಕ್ಯಾಶಿಯರ್ ಇಳಿದು ದೂಡುತ್ತಿದ್ದರು. ಇಳಿಜಾರು ಬಂದರೆ ಸಾಹೇಬರು ಹೆದರಿ ಇಳಿದು ದೂಡುತ್ತಿದ್ದರು. ನಾನು ಎರಡು ಕಡೆಯೂ ಕಾಯುತ್ತಾ ನಿಲ್ಲುತ್ತಿದ್ದೆ.

ಒಂದು ದಿನ ಕಾಡು ಸೇರುವ ಮೊದಲಿನ ಏರಿನಲ್ಲಿ ಸರ್ವೀಸ್ ಜೀಪೊಂದು ಗಕ್ಕನೆ ನಿಂತಿತು. ಒಳಗೆ ಹದಿನೆಂಟು ಜನ, ಹಿಂದೆ ನೇತಾಡುವವರು ಬೇರೆ.

"ಹತ್ತಿ, ಹತ್ತಿ!" ಎಂದ ಡ್ರೈವರ್.

"ಬೇಡ ಅಣ್ಣ, ನಾವು ಬೇಕೆಂತಲೇ ಸೈಕಲಿನಲ್ಲಿ ಹೋಗುವುದು" ಎಂದೆ.

"ಸಂಕೋಚ ಎಂತದ್ದಕ್ಕೆ? ಮನುಷ್ಯರಿಗೆ ಕಷ್ಟ ಬರ್ತದೆ, ಹೋಗ್ತದೆ" ಎನ್ನುತ್ತಾ ಅವನು ಇಳಿದು ಬಂದು ನನ್ನ ಸೈಕಲನ್ನೇ ಎತ್ತಿ ಮೇಲೆ ಕಟ್ಟಿದ! ಸಾಹೇಬರು ಅಷ್ಟರಲ್ಲಿ ಒಳಗೆ ಕೂತಾಗಿತ್ತು. ಕ್ಯಾಶಿಯರಿಗೆ ಎದುರು ಸೀಟೇ ಸಿಕ್ಕಿತ್ತು. ನಾನು ಹಲ್ಲು ಕಚ್ಚಿಕೊಂಡು ಹಿಂದೆ ನೇತಾಡಿದೆ.

ಸಂಜೆಯೊಳಗೆ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ. ಗಲ್ಫಿನವನ ಕೆಲಸ ಹೋಗಿದೆ, ಪಾಪ, ಸೈಕಲಿನಲ್ಲಿ ತಿರುಗುತ್ತಿದ್ದಾನೆ. ಬುಧವಾರ, ಅಮ್ಮ ನನಗೆ ನೋಡಿಟ್ಟ ಮೊದಲನೆಯ ಸಂಬಂಧದವರು, ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳುಹಿಸಿದರು. ನಾವು ಅವರಿಗೆ ಜಾತಕ ಇನ್ನೂ ಕೊಟ್ಟೇ ಇರಲಿಲ್ಲ.

ಬೆಲ್ಲ ನೀರು

ಕಾಡಿನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಮನೆಗಳು. ಮನೆ ಎದುರು ಹಾದ ಮೇಲೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ತೆಗೆದುಕೊಳ್ಳದೆ ಹೋಗಲಿಕ್ಕಿಲ್ಲ. ಅದರಲ್ಲೂ ಕ್ಯಾಶಿಯರ್ ಎಲ್ಲರಿಗೂ ಗುರುತು. "ಓ, ಬ್ಯಾಂಕಿನವರು! ಬನ್ನಿ, ಕೂತುಕೊಳ್ಳಿ, ಆಸರಿಗೆ ಏನಾದರೂ ಕುಡಿಯಿರಿ!" ಬೆಲ್ಲದ ಹಿಂದೆ ಬಾಳೆಹಣ್ಣು, ಬಾಳೆಹಣ್ಣಿನ ಹಿಂದೆ ಅವಲಕ್ಕಿ. ನಾನು ಹೊರಗೆ ನಿಂತು ಕುದಿಯುತ್ತಿದ್ದೆ. ತೂಕ ಇಳಿಸಲಿಕ್ಕೆಂದು ಸೈಕಲ್ ಹತ್ತಿದ ಸಾಹೇಬರು ಎರಡು ತಿಂಗಳಲ್ಲಿ ಪ್ಯಾಂಟಿನ ಸೊಂಟ ಬಿಡಿಸಿ ಹೊಲಿಸಬೇಕಾಯಿತು!

ಕೊನೆಯ ಮನೆಯ ಅಜ್ಜಿಯ ಹತ್ತಿರ ನಾನೂ ಒಂದು ದಿನ ನೀರು ಕೇಳಿದೆ, ಅದೇ ತಪ್ಪಾಯಿತು. ಬಾಯಾರಿ ಮೂರು ಚೆಂಬು ಕುಡಿದೆ. ನಾನು ಹಾಕಿದ್ದು ಸೈಕಲಿಗೆಂದೇ ಇರುವ ಚಡ್ಡಿ. ಕೂರುವ ಕಡೆ ಮೆತ್ತೆ ಇಟ್ಟು ಹೊಲಿದಿರುತ್ತಾರೆ. ಅಜ್ಜಿ ಹಿಂದಿನಿಂದ ಎಲ್ಲ ಸರಿಯಾಗಿ ನೋಡಿಕೊಂಡರು. ಅವರ ಮೊಮ್ಮಗಳೇ ನನಗೆ ನೋಡಿದ ಎರಡನೆಯ ಹುಡುಗಿ ಎಂದು ನನಗೇನು ಕನಸು ಬಿದ್ದಿತ್ತೇ?

"ಹುಡುಗ ಮರ್ಯಾದಸ್ಥನೇ" ಎಂದು ಅಜ್ಜಿ ಮಗನಿಗೆ ಹೇಳಿದರಂತೆ, "ಆದರೆ ಹೊಟ್ಟೆಗೆ ನೀರೇ ಗತಿ. ಚಡ್ಡಿಯ ಹಿಂದೆ ಇಷ್ಟು ದೊಡ್ಡ ತೇಪೆ ಉಂಟು."

ಹೋದ ಕೆಲಸ

ರಜೆ ಮುಗಿಯಲಿಕ್ಕೆ ಒಂದೇ ತಿಂಗಳು ಉಳಿಯಿತು. ಉಳಿದದ್ದು ಬೆಳುವಾಯಿಯ ಒಂದು ಸಂಬಂಧ. ಹುಡುಗಿಯನ್ನು ನಾನು ನೋಡಿ ಬಂದಿದ್ದೆ, ಮನಸ್ಸು ಅಲ್ಲೇ ನಿಂತಿತ್ತು. ಇನ್ನು ಅವಳ ಸೋದರಮಾವ ಬಂದು ನಮ್ಮ ಮನೆ ನೋಡಬೇಕು. ಅವರಲ್ಲಿ ಆ ಮಾವನ ಮಾತೇ ಕೊನೆಯ ಮಾತು. ಸೋಮವಾರ ಬರುತ್ತಾರೆ ಎಂದಾಯಿತು. "ಅಲ್ಲಿಯವರೆಗೆ ಆ ಸೈಕಲ್ ಮುಟ್ಟಿದರೆ ನನ್ನ ಮೇಲಾಣೆ" ಎಂದರು ಅಮ್ಮ.

ಆದಿತ್ಯವಾರ ಬೆಳಿಗ್ಗೆ ಅಮ್ಮ ಏಳುವ ಮೊದಲೇ ನಾನು ಕಾಡಿನಲ್ಲಿದ್ದೆ. ಏನು ಮಾಡುವುದು, ಹುಚ್ಚು! ಇಳಿಜಾರಿನ ತಿರುವಿನಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಪಾದ ಹಿಡಿದುಕೊಂಡು ಬೇರಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕೊಡೆ.

"ಒಳದಾರಿ ಅಂತ ಬಂದೆ. ಕಾಲು ಉಳುಕಿತು" ಎಂದರು.

ಜತೆಯವರಿಬ್ಬರೂ ಇನ್ನೂ ಹಿಂದೆ ಎಲ್ಲೋ ದೂಡುತ್ತಿದ್ದರು. ನಾನು ಅಪ್ಪನ ಕ್ಯಾರಿಯರ್ ನೋಡಿದೆ. "ಕೂತುಕೊಳ್ಳಿ" ಎಂದೆ.

ಎರಡು ಬ್ರೇಕನ್ನೂ ಒತ್ತಿ ಹಿಡಿದು ಇಳಿಸುವಾಗ ಅವರು ಹಿಂದಿನಿಂದ ಮಾತು ತೆಗೆದರು.

"ಈ ದಾರಿಯಲ್ಲಿ ಯಾವಾಗಲೂ ಬರ್ತೀರಾ?"

"ವಾರವಾರ ಬರ್ತೇನೆ."

"ತುಂಬ ಕಷ್ಟ ಅಲ್ವಾ?"

"ಕಷ್ಟವೇ. ಆದರೆ ಬಿಡಲಿಕ್ಕೆ ಆಗುವುದಿಲ್ಲ."

ಅವರು ಕೊಡೆಯನ್ನು ಮಡಿಲಿಗೆ ಎಳೆದುಕೊಂಡು, "ಲಾಯಿಲದಲ್ಲಿ ಗಲ್ಫಿನಿಂದ ಬಂದ ಹುಡುಗ ಒಬ್ಬ ಇದ್ದಾನಂತೆ, ಹೇಗೆ ಜನ? ನಾವು ಬೆಳುವಾಯಿಯವರು" ಎಂದರು.

ಒಂದು ದಿನ ಮೊದಲೇ ಗುಟ್ಟಾಗಿ ವಿಚಾರಿಸಲಿಕ್ಕೆ ಬಂದ ಸೋದರಮಾವ! ನಾನು ತಿರುಗಿ ನೋಡದೆ, "ಚಿನ್ನದಂಥ ಹುಡುಗ, ಕಣ್ಣು ಮುಚ್ಚಿ ಕೊಡಬಹುದು" ಎಂದೆ. ರಸ್ತೆ ಸೇರಿದ ಕೂಡಲೇ ಅವರನ್ನು ರಿಕ್ಷಾ ಹತ್ತಿಸಿ ಅಲ್ಲಿಂದ ಪರಾರಿಯಾದೆ.

ಸೋಮವಾರ ಅವರು ಕೋಲೂರಿಕೊಂಡು ನಮ್ಮ ಚಾವಡಿಗೆ ಬಂದರು. ನನ್ನನ್ನು ಕಂಡು, "ಓ! ಇವರೇನಾ!" ಎಂದು ನಿಂತೇಬಿಟ್ಟರು. ಅಮ್ಮ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು.

ಮಾವ ಕೂತು ಗಂಟಲು ಸರಿಮಾಡಿಕೊಂಡರು. "ನೋಡಿ ಅಕ್ಕ, ನಾನು ಬೇಡ ಅಂತ ಹೇಳಿ ಹೋಗುವ ಅಂತಲೇ ಹೊರಟದ್ದು. ಇವರ ಕೆಲಸ ಹೋಗಿದೆ ಅಂತ ಎಲ್ಲ ಕಡೆ ಹೇಳಿದರು. ಆದರೆ ನಿನ್ನೆ ಕಣ್ಣಾರೆ ನೋಡಿದೆ. ಕೆಲಸ ಹೋಯಿತು ಅಂತ ಸುಮ್ಮನೆ ಕೂರಲಿಲ್ಲ. ಸೈಕಲಿಗೆ ಗಟ್ಟಿ ಕ್ಯಾರಿಯರ್ ಹಾಕಿಸಿ, ಕಾಡಿನ ದಾರಿಯಲ್ಲಿ ಜನ ಸಾಗಿಸಿ ದುಡೀತಾರೆ. ಇಂಥವರಿಗೆ ಹುಡುಗಿ ಕೊಡದೆ ಇನ್ನು ಯಾರಿಗೆ ಕೊಡುವುದು?"

"ಕ್ಯಾರಿಯರ್ ನಾನೇ ನಿಂತು ಹಾಕಿಸಿದ್ದು" ಎಂದರು ಅಪ್ಪ.

ನನಗೆ ನಖಶಿಖಾಂತ ಉರಿಯಿತು. "ಅಲ್ಲ, ನನಗೆ ಕೆಲಸ ಉಂಟು, ನಾನು ರಜೆಯಲ್ಲಿ..." ಎನ್ನುವಷ್ಟರಲ್ಲಿ ಅಮ್ಮ ನನ್ನ ಕಾಲನ್ನು ಗಟ್ಟಿಯಾಗಿ ತುಳಿದರು. "ನಾಚಿಕೆ ಬೇಡ, ಎಲ್ಲ ಗೊತ್ತುಂಟು" ಎಂದರು ಮಾವ. ಹುಡುಗಿ ಬೇಕಾಗಿತ್ತು, ಬಾಯಿ ಮುಚ್ಚಿದೆ.

ಮದುವೆಯಾಯಿತು. ಹದಿನೈದನೆಯ ದಿನ ರಜೆ ಮುಗಿದು ನಾನು ವಿಮಾನ ಹತ್ತಿದೆ. ಅಲ್ಲಿಗೆ ಮುಟ್ಟಿದ್ದೇನೆ ಎಂದು ಹೇಳಲಿಕ್ಕೆ ಮನೆಗೆ ಫೋನ್ ಮಾಡಿದರೆ ಆ ಕಡೆ ಗದ್ದಲವೋ ಗದ್ದಲ. ಸೋದರಮಾವ ಬೆಳುವಾಯಿಯಿಂದ ಲಾಡು ತಂದು ಊರಿಗೆಲ್ಲ ಹಂಚುತ್ತಿದ್ದರಂತೆ. ಅವರ ದೊಡ್ಡ ಗಂಟಲು ನನಗೂ ಕೇಳಿಸಿತು. "ನಮ್ಮ ಹುಡುಗಿಯ ಕಾಲ್ಗುಣ ನೋಡಿ! ಹದಿನೈದೇ ದಿನದಲ್ಲಿ ಹೋದ ಕೆಲಸ ತಿರುಗಿ ಸಿಕ್ಕಿತು!"

"ನೀನಾದರೂ ನಿಜ ಹೇಳಬಾರದಾ?" ಎಂದು ನಾನು ಹೆಂಡತಿಗೆ ಫೋನಿನಲ್ಲೇ ಕಿರುಚಿದೆ.

"ಹೇಳುವ ಅಂತಲೇ ಇದ್ದೆ" ಎಂದಳು ಅವಳು. "ಆದರೆ ಅತ್ತೆ ನನಗೆ ಆರತಿ ಎತ್ತುತ್ತಿದ್ದಾರೆ, ಈಗ ಮಾತಾಡಲಿಕ್ಕೆ ಆಗುವುದಿಲ್ಲ."