ಆಮೇಲೆ ನಾಯಿ ಏನಾಯ್ತು?

ಎಲ್ಲಕ್ಕೂ ಮೂಲ ಆ ಫ್ರಿಜ್ಜು. ಅಕ್ಕನ ಮದುವೆಯ ವರ್ಷ ಮನೆಗೆ ಬಂದದ್ದು. ಭಾವನ ಹಾಗೆ ಅದೂ ದಿನವಿಡೀ ಗೊಣಗುತ್ತಿತ್ತು. ಇಬ್ಬರ ಗೊಣಗಾಟವನ್ನೂ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅಕ್ಕನ ತಮ್ಮ ಮೈಕಣ್ಣನಿಗೆ ಮಾತ್ರ ಫ್ರಿಜ್ಜಿನ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ತನ್ನ ಮೈಕಿಗೂ ಅದು ಕೇಳಿಸುತ್ತದಲ್ಲ ಎಂಬುದು ಅವನ ಕೊರಗು.

ಮೈಕಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ವಾರವೆಲ್ಲ ಕನ್ನಡಕದಂಗಡಿಯಲ್ಲಿ ಗಿರಾಕಿಗಳಿಂದ ಗೋಡೆಯ ಮೇಲಿನ ಅಕ್ಷರ ಓದಿಸುವುದು ಅವನ ಉದ್ಯೋಗ. ವಾರದ ರಜೆ ಬಂತೆಂದರೆ, ಊರಲ್ಲಿ ತಾವೇ ಹಾಡು ಕಟ್ಟಿ ತಾವೇ ಹಾಡುವವರನ್ನು ಒಬ್ಬೊಬ್ಬರಾಗಿ ಹಿಡಿದು ತಂದು, ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಕೂರಿಸಿ, ಮಾತಾಡಿಸಿ, ಪಾಡ್‌ಕಾಸ್ಟ್ ಮಾಡಿ ಬಿಡುತ್ತಿದ್ದ. ಹೊರಗಿನ ಸದ್ದು ಬರದಿರಲೆಂದು ಗೋಡೆಗೆಲ್ಲ ರಜಾಯಿ ನೇತುಹಾಕಿದ ಆ ಕೋಣೆಯಲ್ಲಿ ಬಂದವರು ಬೆವರು ಒರೆಸಿಕೊಳ್ಳುತ್ತ ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳುತ್ತಿದ್ದವರು ಎರಡೇ ಬಗೆಯವರು: ಹಾಡಿದವರು, ಮತ್ತು ಹಾಡಿದವರ ತಾಯಂದಿರು.

ಭಾವ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಳ ಪ್ರಕಟಣೆ ಓದುತ್ತಿದ್ದವರು. ಅವರು ನಿವೃತ್ತರಾಗಿ ಮನೆಗೆ ಬಂದರೂ ಅವರ ಧ್ವನಿ ಇನ್ನೂ ಡ್ಯೂಟಿಯಲ್ಲೇ ಇತ್ತು; ಹಿಂದೆ ರೆಕಾರ್ಡ್ ಮಾಡಿಟ್ಟದ್ದನ್ನೇ ಸ್ಟೇಷನ್ನಿನವರು ದಿನವೂ ಹಾಕುತ್ತಿದ್ದರು. ಅಲ್ಲಿ ಊರಿಗೆ ಊರೇ ಕಿವಿಗೊಡುತ್ತಿದ್ದ ಆ ಧ್ವನಿಗೆ ಮನೆಯಲ್ಲಿ ಸಿಗುತ್ತಿದ್ದ ಉತ್ತರ, “ಸ್ವಲ್ಪ ಮೆಲ್ಲಗೆ ಮಾತಾಡ್ರೀ” ಎಂಬುದೊಂದೇ. ಈಗ ಅವರು ಕೇಳುತ್ತಿದ್ದದ್ದು ಹೆಚ್ಚೇನಲ್ಲ. ಮಧ್ಯಾಹ್ನ ಮಲಗಲು ಆ ಸಣ್ಣ ಕೋಣೆ ಬೇಕು, ಅಷ್ಟೆ.

ಕೋಣೆಯ ಜಗಳ ಬಗೆಹರಿಯುವ ಲಕ್ಷಣ ಕಾಣದಾಗ ಅಕ್ಕ ತೀರ್ಪು ಕೊಟ್ಟಳು. ಊರಿನ ಪುಟ್ಟ ರೇಡಿಯೊ ಕೇಂದ್ರದ ಮೇಡಂ ಮೈಕಣ್ಣನಿಗೆ ಒಂದು ಮಾತು ಕೊಟ್ಟಿದ್ದರು: ಮೌನಿಯನ್ನು ಮಾತಾಡಿಸಿ ಮಂಗಳವಾರ ಸಂಜೆಯೊಳಗೆ ಕಳಿಸಿದರೆ ಅಂದೇ ಪ್ರಸಾರ, ಕೇಳುಗರಿಗೆ ಹಿಡಿಸಿದರೆ ವಾರಕ್ಕೊಂದು ಗಂಟೆ ಕಾಯಂ. ಮೌನಿ ಎಂದರೆ ಗಡಿಯಾರ ರಿಪೇರಿಯವ. ಅವನು ಕಟ್ಟಿದ ಹಾಡುಗಳು ಊರವರ ಬಾಯಲ್ಲಿದ್ದವು. ಅವನು ಆಡಿದ ಮಾತನ್ನು ಮಾತ್ರ ಯಾರೂ ಕೇಳಿರಲಿಲ್ಲ.

“ರೇಡಿಯೊ ಈ ಮನೆಗೆ ಬಂದ್ರೆ ಕೋಣೆ ರೇಡಿಯೊಗೆ,” ಎಂದಳು ಅಕ್ಕ. “ಬರದಿದ್ರೆ ಬುಧವಾರ ಬೆಳಿಗ್ಗೆ ನಿಮ್ಮ ಭಾವನ ಮಂಚ ಒಳಗೆ. ಆಮೇಲೆ ಇಬ್ಬರೂ ನನ್ನ ತಲೆ ತಿನ್ನಬಾರದು.”

ಮೌನಿ ಹೇಗೋ ಒಪ್ಪಿದ. ಆದರೆ ಅವನದು ಎರಡು ಷರತ್ತು. ರೆಕಾರ್ಡರ್ ಕಣ್ಣಿಗೆ ಕಾಣಬಾರದು. ಕಂಡರೆ ಬಾಯಿ ಕಟ್ಟುತ್ತದೆ. ಮಾತಿನ ನಡುವೆ ಯಾವ ಕಾರಣಕ್ಕೂ ನಿಲ್ಲಿಸಬಾರದು. ನಿಲ್ಲಿಸಿದರೆ ಎದ್ದು ಹೋಗುವುದೇ.

ಅಂಗಡಿಗೆ ರಜೆಯಿದ್ದ ಆ ಮಂಗಳವಾರ ಬೆಳಿಗ್ಗೆ ಮೈಕಣ್ಣ ಮೊದಲು ಫ್ರಿಜ್ಜಿನ ಬಾಯಿ ಮುಚ್ಚಿಸಿದ. ಅದರ ಪ್ಲಗ್ ಕಿತ್ತು, ಸ್ಕೂಟರಿನ ಕೀಲಿಯನ್ನು ಒಳಗೆ ಬೆಣ್ಣೆ ಡಬ್ಬಿಯ ಪಕ್ಕ ಇಟ್ಟ. ಇದು ಮನೆಯಲ್ಲೇ ರೆಕಾರ್ಡ್ ಮಾಡುವವರ ಒಂದು ಅಭ್ಯಾಸ. ಕೀಲಿ ಇಲ್ಲದೆ ಹೊರಗೆ ಹೋಗುವ ಹಾಗಿಲ್ಲ, ಕೀಲಿ ಬೇಕೆಂದರೆ ಫ್ರಿಜ್ ತೆರೆಯಲೇಬೇಕು, ತೆರೆದಾಗ ಅದು ಆರಿರುವುದು ನೆನಪಾಗಲೇಬೇಕು. ಕೋಣೆಯೊಳಗಿನ ಪ್ಲಗ್ಗು ಕಿಡಿ ಹಾರಿಸುತ್ತಿದ್ದರಿಂದ, ಫ್ರಿಜ್ಜಿನ ಪ್ಲಗ್ ತೆರವು ಮಾಡಿದ ಜಾಗಕ್ಕೇ ಅತಿಥಿಯ ರೆಕಾರ್ಡರಿನ ವೈರು ಸಿಕ್ಕಿಸಿ, ಅದನ್ನು ಬಾಗಿಲಿನ ಅಡಿಯಿಂದ ಒಳಗೆ ಎಳೆದುಕೊಂಡ. ಒಳ್ಳೆಯ ರೆಕಾರ್ಡರ್ ಅತಿಥಿಗೆ, ಅವರ ಬೆನ್ನ ಹಿಂದೆ ರಜಾಯಿಯ ಮರೆಯಲ್ಲಿ. ತನಗೆ ಅಂಗಿಯ ಕಾಲರಿನ ಅಡಿ ಅಡಗಿಸುವ ಪುಟ್ಟ ಮೈಕು, ಜೇಬಿನಲ್ಲಿ ಹಳೆಯ ಫೋನು.

ಇನ್ನು ಉಳಿದದ್ದು ಕೆಳಮನೆಯ ಹಲ್ಲಿನ ಡಾಕ್ಟರು. ಅವರ ಯಂತ್ರ ಶುರುವಾದರೆ ಮೇಲಿನ ಮನೆಯ ಲೋಟಗಳು ನಡುಗುತ್ತಿದ್ದವು. ಒಂದು ಗಂಟೆ ಕೆಲಸ ನಿಲ್ಲಿಸಲು ಅವರು ಸಂತೋಷವಾಗಿ ಒಪ್ಪಿದರು. ಹಾಗೆ ಒಪ್ಪಿದವರು ಸುಮ್ಮನಿರಬೇಕಿತ್ತು. ಮೌನಿ ಬಂದು ಕೂತು, ಗಂಟಲು ಸರಿಮಾಡಿಕೊಂಡು, ಇನ್ನೇನು ಮೊದಲ ವಾಕ್ಯ ಶುರುಮಾಡಬೇಕು, ಅಷ್ಟರಲ್ಲಿ ಡಾಕ್ಟರು ಮೇಲೆ ಬಂದು ಬಾಗಿಲು ತಟ್ಟಿದರು.

“ಸದ್ದೇನೂ ಬರ್ತಿಲ್ಲ ತಾನೆ?”

“ಬರ್ತಿಲ್ಲ,” ಎಂದ ಮೈಕಣ್ಣ ಹಲ್ಲು ಕಚ್ಚಿ.

“ಒಬ್ಬರನ್ನ ಬಾಯಿ ತೆರೆಸಿ ಹಾಗೇ ಕೂರಿಸಿ ಬಂದಿದೀನಿ. ನೀವು ನಿಧಾನವಾಗಿ ಮಾಡಿ.”

ಮತ್ತೆ ಯಾರೂ ಬರದಂತೆ ನೋಡಿಕೊಳ್ಳಲು ಭಾವ ತಾವಾಗಿಯೇ ಮೆಟ್ಟಿಲ ಬಳಿ ಕಾವಲು ನಿಂತರು. ಹತ್ತುವವರಿಗೂ ಇಳಿಯುವವರಿಗೂ ಅವರ ಎಚ್ಚರಿಕೆ ಸಿಗುತ್ತಿತ್ತು. “ದಯವಿಟ್ಟು ಗಮನಿಸಿ. ಒಳಗೆ ರೆಕಾರ್ಡಿಂಗ್ ನಡೆಯುತ್ತಿದೆ. ಯಾರೂ ಸದ್ದು ಮಾಡಬಾರದು.” ಈ ಪ್ರಕಟಣೆ ಬೀದಿಯ ತುದಿಯವರೆಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅಷ್ಟರಲ್ಲಿ ಅಕ್ಕ ತರಕಾರಿ ಹಿಡಿದು ಮನೆಗೆ ಬಂದಳು. ಫ್ರಿಜ್ ತೆರೆದರೆ ಒಳಗೆ ಕತ್ತಲು, ಹಾಲು ಬೆಚ್ಚಗೆ, ಬೆಣ್ಣೆಯ ಪಕ್ಕ ಸ್ಕೂಟರ್ ಕೀಲಿ. “ಇವನಿಗೆ ಬುದ್ಧಿ ಯಾವಾಗ ಬರತ್ತೋ,” ಎಂದು ಬೋರ್ಡಿನತ್ತ ನೋಡಿದಳು. ಫ್ರಿಜ್ಜಿನ ಜಾಗದಲ್ಲಿ ಯಾವುದೋ ವೈರು. ಫೋನ್ ಚಾರ್ಜರ್ ಇರಬೇಕೆಂದುಕೊಂಡು ಕಿತ್ತು ಪಕ್ಕಕ್ಕಿಟ್ಟು, ಹಾಲು ಕೆಡಬಾರದೆಂದು ಫ್ರಿಜ್ಜಿನ ಪ್ಲಗ್ ಹಾಕಿದಳು.

ಗುಂಯ್ ಎಂದು ಫ್ರಿಜ್ಜು ಮತ್ತೆ ಶುರುವಾದದ್ದು ಕೋಣೆಯೊಳಗಿದ್ದ ಮೈಕಣ್ಣನ ಎದೆಗೆ ನಾಟಿತು. ಹೋಗಿ ಆರಿಸೋಣವೆಂದರೆ ಏಳುವ ಹಾಗಿಲ್ಲ, ಷರತ್ತು. ಮೌನಿ ಆಗತಾನೆ ಬಾಯಿ ಬಿಟ್ಟಿದ್ದ. ಬಿಟ್ಟ ಬಾಯಿ ಮುಚ್ಚಲಿಲ್ಲ. ಎಷ್ಟೋ ಕಾಲದಿಂದ ಒಳಗೇ ಇಟ್ಟುಕೊಂಡದ್ದೆಲ್ಲ ಒಂದೊಂದಾಗಿ ಹೊರಗೆ ಬರುತ್ತಿತ್ತು. ಮೈಕಣ್ಣ ಅವನ ಮುಖವನ್ನೇ ನೋಡುತ್ತ, ಕಿವಿಯನ್ನು ಪೂರ್ತಿಯಾಗಿ ಫ್ರಿಜ್ಜಿಗೆ ಕೊಟ್ಟು ಕೂತಿದ್ದ. ಈ ಸದ್ದು ತೆಗೆಯೋಕಾಗತ್ತಾ? ಎಷ್ಟು ತೆಗೆದರೂ ತಳದಲ್ಲಿ ಉಳಿಯತ್ತಾ? ನಡುನಡುವೆ ಮರ್ಯಾದೆಗೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದ: ‘ಓಹೋ’, ‘ಹೌದಾ’, ‘ಅಯ್ಯೋ ಪಾಪ’.

ಮಾತು ಮುಗಿದಾಗ ಮೌನಿಯ ಕಣ್ಣು ಒದ್ದೆಯಾಗಿತ್ತು. ಮೈಕಣ್ಣನ ಎರಡೂ ಕೈ ಹಿಡಿದುಕೊಂಡು, “ಇಷ್ಟು ಯಾರ ಹತ್ರಾನೂ ಹೇಳ್ಕೊಂಡಿರಲಿಲ್ಲ,” ಎಂದ.

“ಪರವಾಗಿಲ್ಲ, ಅದನ್ನೆಲ್ಲ ಆಮೇಲೆ ಕ್ಲೀನ್ ಮಾಡ್ಬಹುದು,” ಎಂದ ಮೈಕಣ್ಣ.

ಅತಿಥಿಯನ್ನು ಬೀಳ್ಕೊಟ್ಟು ಬಂದು ರಜಾಯಿ ಎತ್ತಿ ನೋಡಿದರೆ ರೆಕಾರ್ಡರ್ ಉಸಿರಿಲ್ಲದೆ ಬಿದ್ದಿತ್ತು. ನಡುವೆ ಕರೆಂಟು ಹೋದದ್ದರಿಂದ ಅಲ್ಲಿಯವರೆಗಿನದೂ ಉಳಿದಿರಲಿಲ್ಲ. ಮೈಕಣ್ಣ ವೈರು ಹಿಡಿದು ಅದರ ಹಿಂದೆ ಹಿಂದೆ ಹೋಗಿ ಅಡುಗೆಮನೆ ತಲುಪಿದ. ಅಲ್ಲಿ ಅಕ್ಕ ಬೆಂಡೆಕಾಯಿ ಹೆಚ್ಚುತ್ತಿದ್ದಳು. ಅವನು ಕೈಯಲ್ಲಿದ್ದ ಪ್ಲಗ್ ತೋರಿಸಿದ. ಅವಳ ಚಾಕು ನಿಂತಿತು.

“ನನಗೇನು ಗೊತ್ತಿತ್ತೋ,” ಎಂದಳು. ಚಾಕು ಕೆಳಗಿಟ್ಟು, “ಹೋಗಲಿ, ಅವರು ಏನು ಹೇಳಿದ್ರು ಅಂತ ನೆನಪಿದೆಯಲ್ಲ. ನೀನೇ ಹೇಳಿಬಿಡು.”

“ನೆನಪಿಲ್ಲ ಅಕ್ಕ.”

“ಒಂದು ಗಂಟೆ ಎದುರಿಗೇ ಕೂತಿದ್ಯಲ್ಲೋ.”

“ಕೂತಿದ್ದೆ. ಕೇಳಿಸ್ಕೊಳ್ತಿರಲಿಲ್ಲ.”

ಉಳಿದಿದ್ದದ್ದು ಅವನ ಕಾಲರ್ ಮೈಕಿನದೊಂದೇ. ಅದರಲ್ಲಿ ಮೌನಿಯ ದನಿ, ಗೋಡೆಯಾಚೆ ಯಾರೋ ನಿದ್ದೆಯಲ್ಲಿ ಕನವರಿಸಿದ ಹಾಗೆ ಇತ್ತು. ಒಂದು ಪದವೂ ತಿಳಿಯುತ್ತಿರಲಿಲ್ಲ. ಮೈಕಣ್ಣನ ಮಾತು ಮಾತ್ರ ಗಂಟೆ ಹೊಡೆದ ಹಾಗೆ ಸ್ಪಷ್ಟ. “ಅಯ್ಯೋ, ಮಳೆಯಲ್ಲೇ?” ಎನ್ನುತ್ತಿದ್ದ. ಬಹಳ ಹೊತ್ತಿನ ಮೇಲೆ, “ಆಮೇಲೆ ನಾಯಿ ಏನಾಯ್ತು?” ಮತ್ತೆ ಸ್ವಲ್ಪ ಬಿಟ್ಟು, “ಒಳ್ಳೇದೇ ಆಯ್ತು ಬಿಡಿ.”

“ಯಾವ ನಾಯಿ?” ಎಂದಳು ಅಕ್ಕ.

“ಅದೇ ನನಗೂ ಗೊತ್ತಾಗ್ತಿಲ್ಲ.”

ಮೌನಿಗೆ ಫೋನ್ ಇರಲಿಲ್ಲ. ಅಂಗಡಿಗೆ ಬೀಗ. ಮನೆ ಎಲ್ಲಿ ಎಂದು ಯಾರಿಗೂ ತಿಳಿಯದು. ಮೈಕಣ್ಣ ಕೋಣೆಯ ಹೊಸ್ತಿಲ ಮೇಲೆ ತಲೆಗೆ ಕೈ ಹೊತ್ತು ಕೂತ. ಇಷ್ಟು ದಿನ ಬೆವರು ಸುರಿಸಿ ಮಾಡಿದ್ದೆಲ್ಲ ನಾಳೆ ಬೆಳಿಗ್ಗೆ ಒಂದು ಮಂಚದ ಅಡಿ ಸೇರುತ್ತದೆ ಎಂದು ಅವನಿಗೆ ನಿಜವಾಗಿ ದುಃಖವಾಯಿತು. ಆಗ ಹಲ್ಲಿನ ಡಾಕ್ಟರು ಬಂದರು. ಬಾಯಿ ತೆರೆದು ಕೂತವರ ದವಡೆ ನೋಯಲು ಶುರುವಾಗಿತ್ತಂತೆ, ಕೆಲಸ ಶುರುಮಾಡಬಹುದೇ ಎಂದು ಕೇಳಲು. ವಿಷಯ ತಿಳಿದ ಮೇಲೆ ಅವರು ಕೆಳಗಿನ ದವಡೆಯನ್ನು ಮರೆತೇಬಿಟ್ಟರು.

“ಮೌನಿ ಮಾತಾಡಿದ್ದನ್ನ ಈ ಊರಲ್ಲಿ ಕೇಳಿದೋರು ಯಾರಿದಾರೆ? ಯಾರೂ ಇಲ್ಲ. ಅಂದಮೇಲೆ ಯಾರು ಮಾತಾಡಿದ್ರೂ ಅದು ಮೌನೀನೇ. ಪ್ರಶ್ನೆ ನಿಮ್ಮ ಹತ್ರ ಇದೆ. ಉತ್ತರ ಹಾಕಿದ್ರೆ ಮುಗೀತು.”

ಎಲ್ಲರೂ ಭಾವನ ಕಡೆ ನೋಡಿದರು.

“ಸಾಧ್ಯವಿಲ್ಲ,” ಎಂದರು ಭಾವ. “ಅಷ್ಟು ವರ್ಷ ಇಲಾಖೇಲಿದ್ದೆ. ಒಂದು ದಿನ ಸುಳ್ಳು ಹೇಳಿದವನಲ್ಲ.”

“ಗಾಡಿ ಇನ್ನು ಹತ್ತು ನಿಮಿಷದಲ್ಲಿ ಬರತ್ತೆ ಅಂತ ದಿನಾ ಹೇಳ್ತಿದ್ರಲ್ಲ,” ಎಂದಳು ಅಕ್ಕ. ಪ್ಲಗ್ ಕಿತ್ತದ್ದು ತಾನೇ ಆದ್ದರಿಂದ ಇವತ್ತು ಅವಳು ತಮ್ಮನ ಕಡೆ. ಭಾವ ಕೋಣೆಯೊಳಗೆ ಹೋಗಿ ಕೂತರು. ಧ್ವನಿ ಊರಿಗೆಲ್ಲ ಪರಿಚಿತವಾದ್ದರಿಂದ ಗುರುತು ಸಿಗದಿರಲೆಂದು ಡಾಕ್ಟರು ಕೆಳಗಿನಿಂದ ಹತ್ತಿಯ ಸುರುಳಿ ತಂದು ಅವರ ಎರಡೂ ಕೆನ್ನೆಯೊಳಗೆ ಉಂಡೆ ಮಾಡಿ ತುರುಕಿದರು.

ಮೊದಲ ಯತ್ನ ಹೀಗಿತ್ತು: “ದಯವಿಟ್ಟು ಗಮನಿಸಿ. ನನ್ನ ಬಾಲ್ಯವು ಬಡತನದಲ್ಲಿ ಕಳೆಯಿತು. ತಮಗೆ ಉಂಟಾದ ತೊಂದರೆಗೆ ವಿಷಾದಿಸುತ್ತೇವೆ.”

“ಭಾವ, ಮನುಷ್ಯರ ಹಾಗೆ ಮಾತಾಡಿ,” ಎಂದು ಮೈಕಣ್ಣ ಬೇಡಿಕೊಂಡ. ನಾಲ್ಕಾರು ಸಲ ಎಡವಿದ ಮೇಲೆ ಭಾವನಿಗೆ ಲಯ ಸಿಕ್ಕಿತು. ಸಿಕ್ಕಮೇಲೆ ನಿಲ್ಲಲಿಲ್ಲ. ಮನೆಯಲ್ಲಿ ಎಷ್ಟೋ ತಿಂಗಳ ನಂತರ ಯಾರೂ ಅವರನ್ನು ಮೆಲ್ಲಗೆ ಮಾತಾಡಿ ಎನ್ನುತ್ತಿರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ಡಾಕ್ಟರು ಮೂಗು ಒರೆಸಿಕೊಂಡರು. ಮೈಕಣ್ಣ ಮಾತ್ರ ರೆಕಾರ್ಡರಿನ ಸದ್ದು ತೋರಿಸುವ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಈ ಸಲ ಫ್ರಿಜ್ ಆರಿತ್ತು, ವೈರು ಭದ್ರವಾಗಿತ್ತು, ಧ್ವನಿ ಹಾಲಿನಷ್ಟು ಶುದ್ಧವಾಗಿತ್ತು. ಅವನಿಗೆ ಅಷ್ಟು ಸಾಕಾಗಿತ್ತು. ಸಂಜೆಯ ಹೊತ್ತಿಗೆ ಎಲ್ಲ ಜೋಡಿಸಿ ರೇಡಿಯೊ ಕೇಂದ್ರಕ್ಕೆ ಕಳಿಸಿಬಿಟ್ಟ.

ಪ್ರಸಾರ ಮುಗಿದು ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಹೊರಗೆ ಮೌನಿ ನಿಂತಿದ್ದ.

“ರೇಡಿಯೊ ಕೇಳಿದೆ,” ಎಂದ ಮೌನಿ. “ಅದರಲ್ಲಿ ನಾನು ಹೇಳಿದ್ದು ಒಂದು ಮಾತೂ ಇರಲಿಲ್ಲ.”

“ಅದು ಏನಾಯ್ತು ಅಂದ್ರೆ...”

“ಹೇಳಬೇಡಿ. ನನಗೆ ಅರ್ಥವಾಯ್ತು.” ಮೌನಿ ಅವನ ಕೈ ಹಿಡಿದ. “ಇಲ್ಲಿಂದ ಹೋದಮೇಲೆ ಮನಸ್ಸು ಒದ್ದಾಡ್ತಿತ್ತು. ಮನೆ ವಿಷಯ ಎಲ್ಲ ಹೇಳ್ಬಿಟ್ನಲ್ಲ ಅಂತ. ಹಾಕಬೇಡಿ ಅಂತ ಹೇಳೋಕೇ ಬರ್ತಿದ್ದೆ. ದಾರೀಲೇ ಟೀ ಅಂಗಡಿ ರೇಡಿಯೊದಲ್ಲಿ ಅದು ಶುರುವಾಯ್ತು. ನಾನು ಬಾಯಿ ಬಿಟ್ಟು ಕೇಳೋ ಮೊದಲೇ ನನ್ನ ಮಾನ ಉಳಿಸಿದ್ರಿ. ಇನ್ನೊಂದು ಮಾತು. ಬೆಳಿಗ್ಗೆ ನಮ್ಮ ನಾಯಿ ಸತ್ತುಹೋಯ್ತು ಅಂದಾಗ ನೀವು ‘ಒಳ್ಳೇದೇ ಆಯ್ತು ಬಿಡಿ’ ಅಂದ್ರಿ. ಮೊದಲು ಕೋಪ ಬಂತು. ಯೋಚನೆ ಮಾಡಿದ್ರೆ, ಅದೂ ಎಷ್ಟು ನೋವು ತಿಂದಿತ್ತು, ಬಿಡುಗಡೆ ಆಯ್ತಲ್ಲ ಅನ್ನಿಸ್ತು. ನಿಮ್ಮ ಹಾಗೆ ಕೇಳಿಸ್ಕೊಳ್ಳೋರು ಇಲ್ಲ.”

ಮೈಕಣ್ಣ ನೆಲ ನೋಡಿಕೊಂಡು, “ಅಷ್ಟೇನಿಲ್ಲ ಬಿಡಿ,” ಎಂದ. ಬದುಕಿನಲ್ಲಿ ಅವನು ಆಡಿದ ಅತ್ಯಂತ ನಿಜವಾದ ಮಾತು ಅದು.

ಅಪಾಯ ಕಳೆಯಿತೆಂದು ಉಸಿರು ಬಿಡುವಷ್ಟರಲ್ಲಿ ರೇಡಿಯೊ ಮೇಡಂ ಅವರ ಫೋನು ಬಂತು.

“ಒಂದು ವಿಷಯ ಕೇಳ್ತೀನಿ, ನಿಜ ಹೇಳಿ,” ಎಂದರು ಮೇಡಂ. “ಆ ನಾಯಿ ದಿನಾ ಪ್ಲಾಟ್‌ಫಾರ್ಮಿನಲ್ಲಿ ಮಳೆಯಲ್ಲೇ ಕೂತು, ಸ್ಪೀಕರ್ ನೋಡ್ತಾ ನಿಮ್ಮ ಅತಿಥಿಯ ಧ್ವನಿ ಕೇಳ್ತಿತ್ತಂತೆ. ನೀವು ‘ಆಮೇಲೆ ನಾಯಿ ಏನಾಯ್ತು?’ ಅಂತ ಕೇಳ್ತೀರಿ. ಅದಕ್ಕೆ ಅವರು, ‘ನಾನು ನಿವೃತ್ತನಾದೆ, ಧ್ವನಿ ಅಲ್ಲೇ ಉಳೀತು, ನಾನು ಹೋಗಿದ್ದು ಅದಕ್ಕೆ ಇನ್ನೂ ಗೊತ್ತಿಲ್ಲ’ ಅಂತಾರೆ. ಗಡಿಯಾರ ರಿಪೇರಿಯವರ ಧ್ವನಿ ಸ್ಟೇಷನ್ನಲ್ಲಿ ಯಾಕಿರತ್ತೆ?”

“ಹಾಗಂದ್ರಾ?”

“ಕಳಿಸೋ ಮುಂಚೆ ನೀವು ಕೇಳಲಿಲ್ವಾ?”

“ಸೌಂಡ್ ಚೆನ್ನಾಗಿತ್ತಲ್ಲ ಮೇಡಂ.”

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಅವನು ಎಲ್ಲ ಒಪ್ಪಿಕೊಂಡ. “ನೀವು ಮಾಡಿದ್ದು ತಪ್ಪು. ನಾಳೆ ನಾನೇ ರೇಡಿಯೊದಲ್ಲಿ ಕ್ಷಮೆ ಕೇಳ್ತೀನಿ,” ಎಂದರು ಮೇಡಂ. “ಆದರೆ ಇಲ್ಲಿ ಫೋನ್ ಇಡೋಕೆ ಬಿಡ್ತಿಲ್ಲ ಜನ. ಎಲ್ಲರಿಗೂ ಆ ನಾಯಿ ಕತೆ ಹೇಳಿದೋರೇ ಬೇಕಂತೆ. ವಾರದ ಗಂಟೆ ನಿಮ್ಮ ಭಾವನಿಗೆ ಕೊಟ್ಟಿದೀನಿ, ಅವರ ಹೆಸರಲ್ಲೇ.”

“ಪ್ರಶ್ನೆ ಕೇಳೋಕೆ ಒಬ್ಬರು ಬೇಕಲ್ಲ ಮೇಡಂ.”

“ಬೇಕು,” ಎಂದರು ಮೇಡಂ. “ಉತ್ತರ ಕೇಳಿಸ್ಕೊಳ್ಳೋರನ್ನ ಹುಡುಕ್ತೀವಿ.”

ಫೋನಿಟ್ಟು ತಿರುಗಿದರೆ ಅಕ್ಕ ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳ ತೀರ್ಪಿನಲ್ಲಿ ಬದಲಾವಣೆ ಏನೂ ಇರಲಿಲ್ಲ. ರೇಡಿಯೊ ಮನೆಗೆ ಬಂದಿತ್ತು; ಕೋಣೆ ರೇಡಿಯೊಗೆ. ಕೆನ್ನೆಯ ಹತ್ತಿ ತೆಗೆದಿಟ್ಟ ಭಾವ ಆಗಲೇ ಒಳಗೆ ಕೂತು ರಜಾಯಿ ಸರಿಮಾಡಿಕೊಳ್ಳುತ್ತಿದ್ದರು. ಬಾಗಿಲಿನಿಂದ ಒಳಬಂದ ಮೌನಿ ಮೊದಲ ಅತಿಥಿಯಾಗಿ ಎದುರಿಗೆ ಕೂತಿದ್ದ. ಭಾವನ ಎದುರು ಕೂತರೆ ತಾನು ಬಾಯಿ ತೆರೆಯುವ ಅಗತ್ಯವೇ ಬರುವುದಿಲ್ಲವೆಂದು ಅವನಿಗೆ ಗೊತ್ತಾಗಿತ್ತು.

“ಒಂದು ಸಲ ಟ್ರಯಲ್ ನೋಡೋಣ,” ಎಂದು ಒಳಗಿನಿಂದ ಭಾವನ ಧ್ವನಿ ಬಂತು. “ಏನಪ್ಪ, ಆ ಫ್ರಿಜ್ ಸ್ವಲ್ಪ ಆರಿಸು. ಮೈಕಿಗೆ ಕೇಳಿಸತ್ತೆ.”

ಮೈಕಣ್ಣ ಪ್ಲಗ್ ಕಿತ್ತ. ಜೇಬಿನಿಂದ ಸ್ಕೂಟರ್ ಕೀಲಿ ತೆಗೆದು ಬೆಣ್ಣೆ ಡಬ್ಬಿಯ ಪಕ್ಕ ಇಟ್ಟು, ಬಾಗಿಲು ಮುಚ್ಚಿ, ಸದ್ದು ಮಾಡದೆ ನೆಲದ ಮೇಲೆ ಕೂತ. ಅಡುಗೆಮನೆ ಪೂರ್ತಿ ನಿಶ್ಶಬ್ದವಾಗಿತ್ತು. ಗೋಡೆಯಾಚೆ ಭಾವ ಏನೋ ಹೇಳುತ್ತಿದ್ದರು. ಬೇರೆ ಕೆಲಸವಿಲ್ಲದ್ದರಿಂದ ಅವನು ಮೊದಲ ಸಲ ಕಿವಿಗೊಟ್ಟು ಕೇಳಿದ. ಭಾವ ತಮ್ಮ ಮನೆಯ ಕತೆ ಹೇಳುತ್ತಿದ್ದರು. ಅದರಲ್ಲಿ ಹೆಂಡತಿಯ ತಮ್ಮನೊಬ್ಬನಿದ್ದ, ಅವನಿಗೆ ಒಂದು ಫ್ರಿಜ್ಜಿನ ಸದ್ದು ಬಿಟ್ಟರೆ ಜಗತ್ತಿನಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ.